ಅಂಚೆಡಬ್ಬದ ಮೇಲೆ ಮೂರು ಹೆಸರು

ಮ್ಯೂನಿಕ್‌ನಲ್ಲಿ ನಾವು ಬಾಡಿಗೆಗಿದ್ದ ಮನೆಯ ಅಂಚೆಡಬ್ಬದ ಮೇಲೆ ಮೊದಲ ಎರಡು ವಾರ ಒಂದೇ ಹೆಸರಿತ್ತು, ನನ್ನ ಗಂಡನದು. ಅವರ ಪಾಸ್‌ಪೋರ್ಟಿನ ಸರ್‌ನೇಮ್ ಜಾಗದಲ್ಲಿರುವುದು ಅವರ ಊರಿನ ಹೆಸರು. ನನ್ನದರಲ್ಲಿ ನಮ್ಮಪ್ಪನ ಹೆಸರು. ಮದುವೆಯಾದ ಮೇಲೂ ಬದಲಿಸುವ ಗೋಜಿಗೆ ಹೋಗಿರಲಿಲ್ಲ. ಮಕ್ಕಳಿಬ್ಬರಿಗೂ ಅವರಪ್ಪನ ಹೆಸರೇ ಕೊನೆಯ ಹೆಸರು. ಬೆಂಗಳೂರಿನಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಜರ್ಮನಿಯ ಅಪಾರ್ಟ್‌ಮೆಂಟ್‌ಗಳಿಗೆ ಫ್ಲಾಟ್ ನಂಬರು ಇರುವುದು ಅಪರೂಪ. ಡಬ್ಬದ ಮೇಲೆ ಅಂಟಿಸಿದ ಹೆಸರು ನೋಡಿ ಅಂಚೆಯವನು ಕಾಗದ ಹಾಕುತ್ತಾನೆ, ಹೆಸರಿಲ್ಲದಿದ್ದರೆ ಬಂದ ದಾರಿಯಲ್ಲೇ ವಾಪಸ್. ಹಾಗೆ ವಾಪಸಾದವುಗಳಲ್ಲಿ ಮಗಳ ಶಾಲೆಯ ಪತ್ರವೂ ಇತ್ತು, ಮಗನ ತೆರಿಗೆ ನಂಬರೂ ಇತ್ತು. ಹೌದು, ಮೂರು ವರ್ಷದ ಕೂಸಿಗೂ ಅಲ್ಲಿ ತೆರಿಗೆ ನಂಬರು ಬರುತ್ತದೆ.

ಕೊನೆಗೆ ಮೂರು ಹೆಸರು ಬರೆದು ಅಂಟಿಸಿದೆವು. ಮೇಲಿನ ಮಹಡಿಯ ಅಜ್ಜಿ ಬಹಳ ದಿನ ನಮ್ಮ ಮನೆಯಲ್ಲಿ ಮೂರು ಸಂಸಾರ ಇದೆ ಅಂದುಕೊಂಡಿದ್ದರಂತೆ.

ಈಗ ಯಾರಾದರೂ ಫೋನ್ ಮಾಡಿ, "ಇವರಿಗೆ ಜರ್ಮನಿಯಲ್ಲಿ ಆಫರ್ ಬಂದಿದೆ, ಮಕ್ಕಳನ್ನು ಕರಕೊಂಡು ಹೊರಡೋದು ಅಂತ ಇದ್ದೀವಿ, ಏನಂತೀರಿ?" ಎಂದು ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಚೀಟಿ. ಆಫರ್ ಲೆಟರ್ ಬರುವುದು ಒಬ್ಬರ ಹೆಸರಿಗೆ, ಹೊರಡುವುದು ಮನೆಮಂದಿ. ಫೋನ್ ಮಾಡಿದವರು ಸಂಬಳ, ಬಾಡಿಗೆ, ಉಳಿತಾಯದ ಲೆಕ್ಕವನ್ನು ಮೂರು ಮೂರು ಸಲ ಮಾಡಿರುತ್ತಾರೆ. ಜೊತೆಗೆ ಹೋಗುವವರ ವೀಸಾದಲ್ಲಿ ಏನು ಬರೆದಿದೆ, ಮಕ್ಕಳು ಈಗ ಎಷ್ಟನೇ ಕ್ಲಾಸು ಎಂಬೆರಡನ್ನು ಸಂಬಳಕ್ಕಿಂತ ಮುಂಚೆ ನೋಡಬೇಕು. ಇದನ್ನು ನಾನು ಹೋಗಿ, ಬಿದ್ದು, ಎದ್ದು ಬಂದಮೇಲೆ ಹೇಳುತ್ತಿದ್ದೇನೆ. ಹೊರಡುವಾಗ ನಾವೂ ಉಳಿತಾಯದ ಲೆಕ್ಕವನ್ನೇ ಮಾಡಿದ್ದೆವು.

ಮೊದಲು ವೀಸಾ. 'ಡಿಪೆಂಡೆಂಟ್' ಎನ್ನುವ ಪದ ಎಲ್ಲ ಕಡೆಯೂ ಒಂದೇ, ಅರ್ಥ ಮಾತ್ರ ದೇಶಕ್ಕೊಂದು. ಅಮೆರಿಕಕ್ಕೆ ಎಚ್-1ಬಿ ಮೇಲೆ ಹೋದವರ ಹೆಂಡತಿಗೋ ಗಂಡನಿಗೋ ಸಿಗುವುದು ಎಚ್-4. 2015ರ ಮೇ 26ರವರೆಗೆ ಎಚ್-4 ಇದ್ದವರು ಅಲ್ಲಿ ಒಂದು ಡಾಲರ್ ಕೂಡ ದುಡಿಯುವಂತಿರಲಿಲ್ಲ. ಎಂಜಿನಿಯರಿಂಗ್ ಓದಿ ಹತ್ತು ವರ್ಷ ಕೆಲಸ ಮಾಡಿದ ಹೆಣ್ಣುಮಕ್ಕಳು ನ್ಯೂಜೆರ್ಸಿಯ ಅಪಾರ್ಟ್‌ಮೆಂಟಿನಲ್ಲಿ ಕೂತು ಮಕ್ಕಳ ಲಂಚ್ ಬಾಕ್ಸ್ ಕಟ್ಟಿದ ಕಾಲ ಅದು. ಆಮೇಲೂ ಬಾಗಿಲು ಪೂರ್ತಿ ತೆರೆದಿಲ್ಲ. ಮುಖ್ಯವಾಗಿ, ಎಚ್-1ಬಿ ಇರುವವರ ಗ್ರೀನ್ ಕಾರ್ಡ್ ದಾರಿಯಲ್ಲಿ ಐ-140 ಎಂಬ ಹಂತ ದಾಟಿದ್ದರೆ ಮಾತ್ರ ಸಂಗಾತಿ ಕೆಲಸದ ಅನುಮತಿ ಕೇಳಬಹುದು. ಅದೇ ಅಮೆರಿಕಕ್ಕೆ ಕಂಪನಿಯೊಳಗಿನ ವರ್ಗಾವಣೆಯಾಗಿ ಎಲ್-1 ಮೇಲೆ ಹೋದವರ ಸಂಗಾತಿ, ಎಂದರೆ ಎಲ್-2 ಇರುವವರು, 2021ರ ನವೆಂಬರ್‌ನಿಂದ ಬೇರೆ ಅನುಮತಿಯ ಗೊಡವೆಯಿಲ್ಲದೆ ದುಡಿಯಬಹುದು. ಒಂದೇ ಕಂಪನಿ, ಒಂದೇ ಊರು, ಅಕ್ಷರ ಬದಲಾದರೆ ಮನೆಯ ಇನ್ನೊಬ್ಬರ ಹಣೆಬರಹವೇ ಬದಲು. ಸಿಂಗಪುರದಲ್ಲಿ 2021ರ ಮೇ 1ರಿಂದ ಡಿಪೆಂಡೆಂಟ್ ಪಾಸ್ ಇದ್ದವರು ಕೆಲಸಕ್ಕೆ ಸೇರಬೇಕೆಂದರೆ ತಮ್ಮದೇ ಬೇರೆ ವರ್ಕ್ ಪಾಸ್ ಪಡೆಯಬೇಕು. ಜಪಾನಿನಲ್ಲಿ ಅನುಮತಿ ತೆಗೆದುಕೊಂಡರೆ ವಾರಕ್ಕೆ 28 ಗಂಟೆ, ಅದಕ್ಕಿಂತ ಹೆಚ್ಚಿಲ್ಲ. ನಮ್ಮ ಕರಾವಳಿಯವರಿಗೆ ಮನೆಯಂಗಳದಂತಿರುವ ದುಬೈಯಲ್ಲಿ ಗಂಡನ ವೀಸಾದ ಮೇಲಿದ್ದುಕೊಂಡೇ, ಕೆಲಸ ಕೊಡುವವರು ಪರವಾನಗಿ ತೆಗೆಸಿದರೆ ದುಡಿಯಬಹುದು. ಮಕ್ಕಳಿಗೆ ಅಲ್ಲಿ ಸಿಬಿಎಸ್‌ಇ ಶಾಲೆಗಳೂ ಇವೆ, ಮಂಗಳೂರಿನಲ್ಲಿ ಬಿಟ್ಟ ಪಾಠವನ್ನು ಅಲ್ಲಿ ಮುಂದುವರಿಸಬಹುದು. ಗಲ್ಫ್‌ಗೆ ಹೋದವರ ಸಂಸಾರದ ಕಷ್ಟಗಳೇ ಬೇರೆ, ಅದು ಇನ್ನೊಂದು ಲೇಖನ.

ಈ ಪಟ್ಟಿಯಲ್ಲಿ ಜರ್ಮನಿ ಉದಾರಿ. ಉನ್ನತ ಶಿಕ್ಷಣ ಪಡೆದ ವಿದೇಶಿ ಉದ್ಯೋಗಿಗಳಿಗೆ ಕೊಡುವ ಬ್ಲೂ ಕಾರ್ಡ್ ಇರುವವರ ಸಂಗಾತಿ ಹೊರಡುವ ಮುಂಚೆ ಜರ್ಮನ್ ಪರೀಕ್ಷೆ ಪಾಸು ಮಾಡಬೇಕಿಲ್ಲ, ಕಾಲಿಟ್ಟ ದಿನದಿಂದ ಯಾವ ಕೆಲಸ ಬೇಕಾದರೂ ಮಾಡಬಹುದು. ನನ್ನ ಕಾರ್ಡಿನ ಮೇಲೂ 'ಎರ್ವೆರ್ಬ್ಸ್‌ಟೇಟಿಶ್‌ಕೈಟ್ ಎರ್‌ಲೌಬ್ಟ್' ಎಂದು ಬರೆದಿತ್ತು, ದುಡಿಮೆಗೆ ಅನುಮತಿ ಇದೆ ಎಂದು. ಆ ಪದವನ್ನು ತಡವರಿಸದೆ ಉಚ್ಚರಿಸಲು ನನಗೆ ಒಂದು ವರ್ಷ ಹಿಡಿಯಿತು. ದುಡಿಮೆ ಸಿಗಲು ಎರಡೂವರೆ.

ಕಾರಣ ಸರಳ. ವೀಸಾ ಒಪ್ಪಿದರೆ ಸಾಲದು, ವೃತ್ತಿಯೂ ಒಪ್ಪಬೇಕು. ನಾನು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದವಳು, ಎಂಎಸ್‌ಸಿ, ಬಿಎಡ್ ಎರಡೂ ಇದ್ದವು. ಜರ್ಮನಿಯಲ್ಲಿ ಶಿಕ್ಷಕ ವೃತ್ತಿ ಕಾನೂನಿನ ಹಿಡಿತದಲ್ಲಿರುವ ವೃತ್ತಿ. ಉನ್ನತ ಮಟ್ಟದ ಜರ್ಮನ್ ಬೇಕು, ಸಾಲದ್ದಕ್ಕೆ ಅಲ್ಲಿನ ಮೇಷ್ಟ್ರುಗಳು ಸಾಮಾನ್ಯವಾಗಿ ಎರಡು ವಿಷಯ ಓದಿರಬೇಕು. ನನ್ನದು ಒಂದೇ. ವೈದ್ಯರಿಗೆ ಸಾಮಾನ್ಯ ಜರ್ಮನ್‌ನಲ್ಲಿ ಬಿ2 ಎಂಬ ಮಟ್ಟ, ಅದರ ಮೇಲೆ ವೈದ್ಯಕೀಯ ಭಾಷೆಯದೇ ಇನ್ನೊಂದು ಪರೀಕ್ಷೆ. ದಂತವೈದ್ಯೆ, ನರ್ಸ್, ವಕೀಲೆ ಇವರೆಲ್ಲರಿಗೂ ಇಂಥದ್ದೇ ಒಂದೊಂದು ಗೋಡೆ. ಸಾಫ್ಟ್‌ವೇರ್‌ನವರಿಗೆ ಈ ತೊಡಕಿಲ್ಲ. ಆದ್ದರಿಂದಲೇ ಸಾಫ್ಟ್‌ವೇರ್ ಗಂಡಹೆಂಡಿರ ಅನುಭವ ಕೇಳಿಕೊಂಡು ಡಾಕ್ಟರ್ ಹೆಂಡತಿಯನ್ನು ಕರೆದೊಯ್ಯಬಾರದು. ಇದು ಗಂಡಸರಿಗೂ ಅಷ್ಟೇ ಅನ್ವಯ. ಹೆಂಡತಿಯ ಕೆಲಸಕ್ಕೆಂದು ಬಂದು ಮನೆ ನೋಡಿಕೊಂಡ ಇಬ್ಬರು ಗಂಡಂದಿರನ್ನು ಅಲ್ಲಿ ಕಂಡಿದ್ದೇನೆ. ಅವರಿಗೆ ನನಗಿಂತ ಒಂದು ಕಷ್ಟ ಜಾಸ್ತಿ. ಊರಿನಿಂದ ಫೋನ್ ಮಾಡಿದವರೆಲ್ಲ "ಕೆಲಸ ಸಿಕ್ತಾ?" ಎಂದೇ ಮಾತು ಶುರುಮಾಡುತ್ತಿದ್ದರು. ನನ್ನನ್ನು ಹಾಗೆ ಯಾರೂ ಕೇಳಲಿಲ್ಲ.

ಇನ್ನು ಮಕ್ಕಳ ವೇಳಾಪಟ್ಟಿ. ನನ್ನ ಮಟ್ಟಿಗೆ ಇಡೀ ಕಥೆಯ ಗಂಟು ಇರುವುದು ಇಲ್ಲೇ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದ ಪ್ರಾಥಮಿಕ ಶಾಲೆ ಬೆಳಿಗ್ಗೆ 8ಕ್ಕೆ ಶುರು. ಬಿಡುವುದು ಕೆಲವು ದಿನ 11.20ಕ್ಕೆ, ಕೆಲವು ದಿನ 1ಕ್ಕೆ. ಊಟ ಮನೆಯಲ್ಲಿ. ಮಧ್ಯಾಹ್ನದ ನಂತರ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇದೆ, ಸೀಟು ಎಲ್ಲರಿಗೂ ಇಲ್ಲ. ತಾಯಿಯಾದವಳು ಮನೆಯಲ್ಲೇ ಇರುತ್ತಾಳೆ ಎಂದು ನಂಬಿ ಕಟ್ಟಿದ ವ್ಯವಸ್ಥೆ ಇದು. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಇಡೀ ದಿನದ ಆರೈಕೆಯನ್ನು ಕಾನೂನಿನ ಹಕ್ಕಾಗಿ ಮಾಡಿರುವುದು 2026ರ ಆಗಸ್ಟ್‌ನಿಂದ, ಅದೂ ಒಂದನೇ ತರಗತಿಯಿಂದ ಶುರುವಾಗಿ ವರ್ಷಕ್ಕೊಂದು ತರಗತಿಯಂತೆ. ಸಣ್ಣ ಮಕ್ಕಳಿಗೆ, ಒಂದು ವರ್ಷ ತುಂಬಿದ ಮೇಲೆ, 'ಕೀಟಾ' ಎಂಬ ಶಿಶುವಿಹಾರದಲ್ಲಿ ಜಾಗ ಪಡೆಯುವ ಹಕ್ಕು 2013ರ ಆಗಸ್ಟ್‌ನಿಂದಲೇ ಇದೆ. ಹಕ್ಕು ಇದೆ, ಜಾಗ ಇಲ್ಲ. ಮ್ಯೂನಿಕ್ ನಗರಕ್ಕೆ ಇದಕ್ಕೆಂದೇ ಆನ್‌ಲೈನ್ ಪೋರ್ಟಲ್ ಇದೆ. ಮಗನ ಹೆಸರು ಬರೆಸಿ, ಹನ್ನೊಂದು ಕಡೆ ಅರ್ಜಿ ಹಾಕಿ ಏಳು ತಿಂಗಳು ಕಾದೆವು.

ಈಗ ಸರಪಳಿ ನೋಡಿ. ಮಗನಿಗೆ ಕೀಟಾ ಸಿಗುವವರೆಗೆ ನಾನು ಜರ್ಮನ್ ಕ್ಲಾಸಿಗೆ ಹೋಗುವಂತಿಲ್ಲ, ಏಕೆಂದರೆ ಕ್ಲಾಸು ಬೆಳಗಿನ ಹೊತ್ತು ನಾಲ್ಕು ಗಂಟೆ ಕಾಲ ನಡೆಯುತ್ತದೆ. ಸರ್ಕಾರದ ಇಂಟಿಗ್ರೇಷನ್ ಕೋರ್ಸ್ ಎಂದರೆ ಭಾಷೆಗೇ 600 ಪಾಠಗಳು, ಮೇಲೆ ದೇಶದ ಪರಿಚಯಕ್ಕೆ 100. ಭಾಷೆ ಬರದೆ ಕೆಲಸವಿಲ್ಲ. ಕೆಲಸವಿಲ್ಲದ ತಾಯಿಯ ಮಗುವಿಗೆ ಕೀಟಾದ ಸಾಲಿನಲ್ಲಿ ಹಿಂದಿನ ಜಾಗ, ದುಡಿಯುವ ತಂದೆತಾಯಿಯ ಮಕ್ಕಳು ಮುಂದೆ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎನ್ನುವ ಗಾದೆಗೆ ಇಷ್ಟು ಅಚ್ಚುಕಟ್ಟಾದ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ.

ಅದಕ್ಕೆ ತೆರಿಗೆಯವರ ಒಗ್ಗರಣೆ. ಗಂಡಹೆಂಡಿರಲ್ಲಿ ಒಬ್ಬರೇ ದುಡಿಯುವಾಗ ಅವರು ತೆರಿಗೆ ವರ್ಗ 3ನ್ನೂ ಇನ್ನೊಬ್ಬರು 5ನ್ನೂ ಕೇಳಿ ಪಡೆಯುವುದು ರೂಢಿ. ದುಡಿಯುವವರ ಕೈಗೆ ತಿಂಗಳಿಗೆ ಹೆಚ್ಚು ಬರುತ್ತದೆ, ಎಲ್ಲರಿಗೂ ಖುಷಿ. ಎರಡನೆಯವರು ಸಣ್ಣ ಕೆಲಸ ಹಿಡಿದ ದಿನ ಗೊತ್ತಾಗುತ್ತದೆ ಐದನೇ ವರ್ಗದ ಮಹಿಮೆ. ನೀರಿನ ಗುಣಮಟ್ಟ ಪರೀಕ್ಷಿಸುವ ಲ್ಯಾಬ್ ಒಂದರಲ್ಲಿ ವಾರಕ್ಕೆ 20 ಗಂಟೆಯ ಕೆಲಸ ಸಿಕ್ಕಿದಾಗ ನನ್ನ ಮೊದಲ ಸಂಬಳದ ಚೀಟಿ ನೋಡಿ ಇವರು, "ಇಷ್ಟಕ್ಕೆ ಆ ಚಳೀಲಿ ಹೋಗ್ಬೇಕಾ?" ಅಂದರು. ಕಾಳಜಿಯಿಂದಲೇ ಅಂದದ್ದು. ವರ್ಷದ ಕೊನೆಗೆ ಒಟ್ಟಿಗೆ ತೆರಿಗೆ ಲೆಕ್ಕ ಸಲ್ಲಿಸಿದಾಗ ಮನೆಯ ಒಟ್ಟು ತೆರಿಗೆ ಸರಿಹೋಗುತ್ತದೆ. ಆದರೆ ಹೆರಿಗೆಯ ನಂತರದ ಭತ್ಯೆ, ನಿರುದ್ಯೋಗ ಭತ್ಯೆ ಲೆಕ್ಕ ಹಾಕುವಾಗ ನೋಡುವುದು ತಿಂಗಳ ನಿವ್ವಳ ಸಂಬಳವನ್ನು, ಅಲ್ಲಿ ಐದನೇ ವರ್ಗದವರಿಗೆ ನಷ್ಟ. ಇಬ್ಬರೂ 4ನೇ ವರ್ಗಕ್ಕೆ ಬದಲಾಯಿಸಿಕೊಳ್ಳಬಹುದು. ಒಂದು ಅರ್ಜಿ ಸಾಕು. ಈ ಮಾತನ್ನು ಕಂಪನಿಯ ಎಚ್‌ಆರ್ ಹೇಳುವುದಿಲ್ಲ, ಹೇಳುವುದು ಅವರ ಕೆಲಸವೂ ಅಲ್ಲ.

ಇಂಥದ್ದೇ ಇನ್ನೊಂದು ಗುಂಡಿ ಆರೋಗ್ಯ ವಿಮೆ. ಸಾರ್ವಜನಿಕ ವಿಮೆಯಲ್ಲಿ ದುಡಿಯದ ಸಂಗಾತಿಗೂ ಮಕ್ಕಳಿಗೂ ಬೇರೆ ಕಂತಿಲ್ಲ, ಒಬ್ಬರ ಕಂತಿನಲ್ಲೇ ಇಡೀ ಮನೆ. ಸಂಬಳ ಒಂದು ಮಿತಿ ದಾಟಿದರೆ (2025ರಲ್ಲಿ ವರ್ಷಕ್ಕೆ 73,800 ಯೂರೊ) ಖಾಸಗಿ ವಿಮೆಗೆ ಹೋಗಬಹುದು. ಅದು ಅಗ್ಗ ಎಂದು ಏಜೆಂಟರು ಬೆನ್ನುಹತ್ತುತ್ತಾರೆ. ಒಂಟಿ ಹುಡುಗನಿಗೆ ಅಗ್ಗ ಇದ್ದೀತು. ಖಾಸಗಿಯಲ್ಲಿ ಹೆಂಡತಿಗೊಂದು, ಮಕ್ಕಳಿಗೆ ತಲೆಗೊಂದು ಕಂತು. ಮಕ್ಕಳಿರುವವರು ಆ ಕಡೆ ತಲೆಹಾಕದಿರುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಬರುವ ದುಡ್ಡೂ ಇದೆ ಎನ್ನಿ. ಮಗುವಿಗೆ ತಿಂಗಳಿಗೆ ಇಂತಿಷ್ಟು ಎಂದು ಸರ್ಕಾರ ಕೊಡುವ 'ಕಿಂಡರ್‌ಗೆಲ್ಟ್' 2025ರಲ್ಲಿ 255 ಯೂರೊ ಇತ್ತು.

ಮಗಳು ಹೊರಟಾಗ ಮೂರನೇ ಕ್ಲಾಸು ಮುಗಿಸಿದ್ದಳು. "ಚಿಕ್ಕವಳು, ಬೇಗ ಹೊಂದಿಕೊಳ್ತಾಳೆ ಬಿಡಿ" ಎಂದು ಎಲ್ಲರೂ ಅಂದರು. ಹೊಂದಿಕೊಂಡಳು, ನಿಜ. ಆದರೆ ಬವೇರಿಯಾದಲ್ಲಿ ನಾಲ್ಕನೇ ತರಗತಿಯ ಮೇ ತಿಂಗಳಿನಲ್ಲಿ ಪ್ರತಿ ಮಗುವಿಗೂ ಒಂದು ಅಂಕಪಟ್ಟಿ ಕೊಡುತ್ತಾರೆ. ಜರ್ಮನ್, ಗಣಿತ, ನಮ್ಮ ಪರಿಸರ ಅಧ್ಯಯನದಂಥ ಒಂದು ವಿಷಯ, ಈ ಮೂರರ ಸರಾಸರಿ ಅದು. 2.33ರವರೆಗೆ ಬಂದವರು ಗಿಮ್ನಾಸಿಯಂಗೆ, ಎಂದರೆ ನೇರ ವಿಶ್ವವಿದ್ಯಾಲಯದ ದಾರಿಗೆ. 2.66ರವರೆಗೆ ರಿಯಾಲ್‌ಶೂಲೆ. ಅದರಾಚೆಯವರು ಮಿಟ್ಟೆಲ್‌ಶೂಲೆ. ಬರ್ಲಿನ್‌ನಲ್ಲಾದರೆ ಈ ವಿಂಗಡಣೆ ಆರನೇ ತರಗತಿಯ ಮೇಲೆ. ಒಂದೇ ದೇಶ, ರಾಜ್ಯ ಬದಲಾದರೆ ಮಗುವಿಗೆ ಎರಡು ವರ್ಷ ಹೆಚ್ಚು ಸಿಗುತ್ತದೆ. ಕೆಲಸ ಮ್ಯೂನಿಕ್‌ನಲ್ಲೋ ಬರ್ಲಿನ್‌ನಲ್ಲೋ ಎಂದು ಆಯ್ಕೆ ಇದ್ದಾಗ ನಾವು ಮ್ಯೂನಿಕ್ ಆರಿಸಿದ್ದು ಆಲ್ಪ್ಸ್ ಹತ್ತಿರ ಅಂತ.

ಅಲ್ಲಿನ ಅಂಕ ನಮ್ಮದಕ್ಕೆ ತಲೆಕೆಳಗು. 1 ಎಂದರೆ ಅತ್ಯುತ್ತಮ, 6 ಎಂದರೆ ಡುಮ್ಕಿ. ಮಗಳು ಮೊದಲ ಗಣಿತ ಪರೀಕ್ಷೆಯಲ್ಲಿ 1 ತಂದು ವಿಡಿಯೊ ಕಾಲ್‌ನಲ್ಲಿ ಮೈಸೂರಿನ ನಮ್ಮಮ್ಮನಿಗೆ ತೋರಿಸಿದಳು. "ಒಂದೇನೇ? ಎಷ್ಟಕ್ಕೆ?" ಅಂದರು ಅಮ್ಮ, ಮುಖ ಸಣ್ಣದಾಯಿತು. ಮುಂದಿನ ವಾರ ಜರ್ಮನ್ ಕಾಗುಣಿತ ಪರೀಕ್ಷೆಯಲ್ಲಿ 5 ಬಂತು. "ನೋಡ್ದಾ, ಇದ್ರಲ್ಲಾದ್ರೂ ಐದು ಬಂತು, ಪರವಾಗಿಲ್ಲ ಪುಟ್ಟಿ." ಮಗಳು ನಗುತ್ತಾಳೆ ಅಂದುಕೊಂಡೆ. ಅವಳು ಕಾಲ್ ಮುಗಿಯುವವರೆಗೆ ತಡೆದುಕೊಂಡು, ಆಮೇಲೆ ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾಲ್ಕನೇ ತರಗತಿಯ ಮೇ ತಿಂಗಳಲ್ಲಿ ಅವಳಿಗೆ ಗಣಿತ 1, ಪರಿಸರ 3, ಜರ್ಮನ್ 4. ಕೂಡಿಸಿ ಭಾಗಿಸಿದರೆ 2.66. ತಡವಾಗಿ ಜರ್ಮನ್ ಶಾಲೆಗೆ ಸೇರಿದ ಮಕ್ಕಳಿಗೆ, ಭಾಷೆಯ ಕೊರತೆ ತುಂಬಿಕೊಳ್ಳಬಲ್ಲದು ಎನಿಸಿದರೆ, ಸಡಿಲಿಕೆ ಇದೆ ಎಂದು ನನಗೆ ಹೇಳಿದ್ದು ಕ್ಲಾಸಿನ ಇನ್ನೊಬ್ಬ ಹುಡುಗನ ತಾಯಿ, ಟರ್ಕಿಯವಳು, ಹೆಸರು ಬರೆಸುವ ವಾರ ಕಳೆದ ಮೇಲೆ. ಕೇಳದೆ ಹೇಳುವವರು ಅಲ್ಲಿ ಕಡಿಮೆ, ಕೇಳಿದರೆ ಎಲ್ಲವನ್ನೂ ಹೇಳುತ್ತಾರೆ. ಏನು ಕೇಳಬೇಕೆಂದು ಗೊತ್ತಿಲ್ಲದವರ ಕಥೆ ಮಾತ್ರ ನಮ್ಮದರಂತಾಗುತ್ತದೆ. ಮಗಳು ರಿಯಾಲ್‌ಶೂಲೆಗೆ ಹೋದಳು. ಅದು ಕೀಳಲ್ಲ, ಅಲ್ಲಿಂದಲೂ ಮುಂದೆ ಸುತ್ತು ದಾರಿಯಲ್ಲಿ ಕಾಲೇಜು ತಲುಪಬಹುದು. ಹತ್ತು ವರ್ಷದ ಹುಡುಗಿಯನ್ನು, ಹೊಸದಾಗಿ ಕಲಿತ ಭಾಷೆಯಲ್ಲಿ ಅಳೆದು ಆ ದಾರಿಗೆ ಹಾಕಿದ್ದು ಸರಿಯೇ ಎಂದು ಕೇಳಿದರೆ ಅಲ್ಲ ಎನ್ನುತ್ತೇನೆ. ಒಂದನೇ ಕ್ಲಾಸಿಗೆ ಕರೆದೊಯ್ದಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ.

ಅದಕ್ಕೇ ವಯಸ್ಸು ನೋಡಿ ಎನ್ನುವುದು. ಅಮೆರಿಕದಲ್ಲಿ ಇದರ ಇನ್ನೊಂದು ತುದಿ ಕಾಣುತ್ತದೆ. ಅಲ್ಲಿ ಎಚ್-4 ಮೇಲೆ ಬೆಳೆದ ಮಗುವಿಗೆ 21 ತುಂಬಿದ ದಿನ ಅಪ್ಪನ ವೀಸಾದ ನೆರಳು ಹೋಗುತ್ತದೆ. ಗ್ರೀನ್ ಕಾರ್ಡ್‌ನಲ್ಲಿ ಯಾವ ದೇಶದವರಿಗೂ ವರ್ಷಕ್ಕೆ ಶೇ 7ಕ್ಕಿಂತ ಹೆಚ್ಚು ಪಾಲಿಲ್ಲದ ಕಾರಣ ಭಾರತೀಯರ ಸಾಲು ದಶಕಗಳ ಉದ್ದ ಬೆಳೆದಿದೆ. ಎರಡು ವರ್ಷದ ಪ್ರಾಯದಲ್ಲಿ ಹೋದ ಮಗು ಅಲ್ಲೇ ಓದಿ, ಅಲ್ಲಿನವರಂತೆಯೇ ಮಾತಾಡಿ, ಕೊನೆಗೆ ವಿದೇಶಿ ವಿದ್ಯಾರ್ಥಿಯ ವೀಸಾಕ್ಕೆ ಅರ್ಜಿ ಹಾಕಬೇಕಾಗುತ್ತದೆ.

ಮಗನದು ಬೇರೆ ಕಥೆ. ಕೀಟಾದಲ್ಲಿ ಐದು ತಿಂಗಳು ಅವನು ಬಾಯಿ ಬಿಡಲಿಲ್ಲ. ಅಕ್ಷರ ಕಲಿಸುವುದಿಲ್ಲ, ಅಂಕಿ ಕಲಿಸುವುದಿಲ್ಲ, ಮಳೆ ಬಂದರೆ ರಬ್ಬರ್ ಪ್ಯಾಂಟು ಹಾಕಿ ಕೆಸರಿನಲ್ಲಿ ಬಿಡುತ್ತಾರೆ. ಬೆಂಗಳೂರಿನ ಯುಕೆಜಿ ಹೋಮ್‌ವರ್ಕ್ ಕಂಡಿದ್ದ ನನಗೆ ಕಳವಳ. ಆರನೇ ತಿಂಗಳು ಅವನ ಬಾಯಿಂದ ಬಂದ ಮೊದಲ ಜರ್ಮನ್ ಪದ 'ಮೈನ್ಸ್', ನಂದು ಎಂದರ್ಥ. ಬೇರೆ ಹುಡುಗ ಅವನ ಸೈಕಲ್ಲಿಗೆ ಕೈಹಾಕಿದ್ದನಂತೆ. ಆಮೇಲೆ ಅಣೆಕಟ್ಟು ಒಡೆಯಿತು, ಮನೆಯ ಕನ್ನಡಕ್ಕೂ ಜರ್ಮನ್ ನುಗ್ಗಿತು. "ಅಮ್ಮಾ, ಲ್ಯೋಫೆಲ್ ಕೊಡು" ಎಂದರೆ ಚಮಚ ಕೊಡಬೇಕು. ಅವನನ್ನು ಒಂದನೇ ಕ್ಲಾಸಿಗೆ ಸೇರಿಸಿದ ದಿನ ಅಲ್ಲಿನ ಪದ್ಧತಿಯಂತೆ ಅವನಷ್ಟೇ ಎತ್ತರದ ಕಾಗದದ ಕೊಂಬು ಮಾಡಿ, ಒಳಗೆ ಚಾಕೊಲೇಟು, ಪೆನ್ಸಿಲ್ ತುಂಬಿ ಕೈಗೆ ಕೊಟ್ಟೆವು. ನಾನು ತಳದಲ್ಲಿ ಒಂದು ಪೊಟ್ಟಣ ಕೊಬ್ಬರಿ ಮಿಠಾಯಿಯನ್ನೂ ಇಟ್ಟಿದ್ದೆ. ಅದನ್ನು ಮೊದಲು ತಿಂದವಳು ಅವನ ಟೀಚರ್.

ಮನೆ ಹುಡುಕುವ ಪಾಡು ಎಲ್ಲರೂ ಹೇಳುತ್ತಾರೆ, ನಾನು ಚುಟುಕಾಗಿ ಹೇಳಿಬಿಡುತ್ತೇನೆ. ಮೂರು ತಿಂಗಳ ಬಾಡಿಗೆಯವರೆಗೆ ಮುಂಗಡ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಅದು ಧರ್ಮಛತ್ರ. ಆದರೆ ಖಾಲಿ ಮನೆ ಎಂದರೆ ಅಡುಗೆಮನೆಯೂ ಖಾಲಿ. ಹಿಂದಿನವರು ಕಪಾಟು, ಒಲೆ, ಸಿಂಕು ಎಲ್ಲ ಬಿಚ್ಚಿಕೊಂಡು ಹೋಗಿರುತ್ತಾರೆ, ಗೋಡೆಯಿಂದ ಎರಡು ಪೈಪು ಇಣುಕುತ್ತಿರುತ್ತವೆ. ಒಂದು ತಿಂಗಳು ಬಚ್ಚಲಲ್ಲಿ ಪಾತ್ರೆ ತೊಳೆದೆ. ನಮ್ಮ ಮಿಕ್ಸಿ, ಗ್ರೈಂಡರ್ ಅಲ್ಲಿ ಓಡುತ್ತವೆ, ವೋಲ್ಟೇಜ್ ನಮ್ಮದೇ, ಅಮೆರಿಕಕ್ಕಾದರೆ ಒಯ್ಯಬೇಡಿ. ಭಾನುವಾರ ಮಾತ್ರ ಮಿಕ್ಸಿ ಹಾಕಬೇಡಿ, ಅವತ್ತು ಸದ್ದು ಮಾಡುವಂತಿಲ್ಲ. ಕುಕ್ಕರ್ ಸೀಟಿ ಬಗ್ಗೆ ಮೇಲಿನ ಅಜ್ಜಿ ಒಮ್ಮೆ ಬಂದು, ಏನಾದರೂ ಸಿಡಿಯುತ್ತಿದೆಯೇ ಎಂದು ವಿಚಾರಿಸಿ ಹೋದರು. ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಮಾಲೀಕರ ಸಹಿ ಬೇಕು. ಮಕ್ಕಳ ಲಸಿಕೆ ಕಾರ್ಡು ಕೈಚೀಲದಲ್ಲೇ ಇರಲಿ: 2020ರ ಮಾರ್ಚ್‌ನಿಂದ ದಡಾರ ಲಸಿಕೆಯ ದಾಖಲೆ ತೋರಿಸದೆ ಕೀಟಾಕ್ಕೆ ಸೇರಿಸುವುದಿಲ್ಲ, ಶಾಲೆಯಲ್ಲೂ ಕೇಳುತ್ತಾರೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ ಹೊರಡುವ ಮೊದಲೇ ಸರಿಪಡಿಸಿಕೊಳ್ಳಿ. ಖಾಲಿ ಬಿಟ್ಟವರ ಅಮೆರಿಕ ವೀಸಾದಲ್ಲಿ 'ಎಫ್‌ಎನ್‌ಯು' ಎಂದು ಅಚ್ಚಾಗುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರರ್ಥ.

ಅಜ್ಜಿ ತಾತಂದಿರ ಮಾತೊಂದಿದೆ. ಬಾಣಂತನಕ್ಕೆ ತಾಯಿಯನ್ನು ಕರೆಸಿಕೊಳ್ಳುತ್ತೇನೆ ಎಂದು ಹೊರಡುವವರು ತಿಳಿದಿರಬೇಕು, ಅವರಿಗೆ ಸಿಗುವ ಷೆಂಗೆನ್ ವೀಸಾ 180 ದಿನಗಳಲ್ಲಿ 90 ದಿನಕ್ಕಷ್ಟೇ. ಮೂರು ತಿಂಗಳಿಗೆ ಅಮ್ಮ ಹೊರಡಲೇಬೇಕು, ಮಗು ಕತ್ತು ನಿಲ್ಲಿಸುವ ಹೊತ್ತಿಗೆ ಅಜ್ಜಿ ಇಲ್ಲ. ಒಂದೂವರೆ ಶತಮಾನದ ಹಿಂದೆ ಅಗಲಿಕೆಯ ಇದೇ ದಾರಿ ಎದುರು ದಿಕ್ಕಿನಲ್ಲಿತ್ತು. ಮಂಗಳೂರು, ಧಾರವಾಡಕ್ಕೆ ಬಂದ ಬಾಸೆಲ್ ಮಿಷನ್‌ನವರು ತಮ್ಮ ಮಕ್ಕಳನ್ನು ಶಾಲೆಯ ವಯಸ್ಸಿಗೆ ಯುರೋಪಿಗೆ ವಾಪಸ್ ಕಳಿಸಿ, ತಾವಿಲ್ಲಿ ಉಳಿಯುತ್ತಿದ್ದರು. ಲೇಖಕ ಹೆರ್ಮನ್ ಹೆಸ್ಸೆಯ ತಾಯಿ ಮಾರಿ ಗುಂಡರ್ಟ್ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿ, ತಂದೆತಾಯಿಯಿಂದ ದೂರ ಯುರೋಪಿನಲ್ಲಿ ಬೆಳೆದು, ಹದಿಹರೆಯದಲ್ಲಿ ಮತ್ತೆ ಮಲಬಾರಿಗೆ ಬಂದವಳು. ನಮ್ಮ ಭಾಷೆಗೆ ಆ ಮಿಷನ್‌ನವರು ಮಾಡಿದ ಉಪಕಾರವನ್ನು ಓದುವಾಗಲೆಲ್ಲ ನನಗೆ ಹಡಗು ಹತ್ತಿಸಿದ ಆ ಆರೇಳು ವರ್ಷದ ಮಕ್ಕಳು ಕಣ್ಣಿಗೆ ಬರುತ್ತಾರೆ.

ಶುಭಕಾರ್ಯದಲ್ಲಿ ಆಡಬಾರದ ಒಂದು ಮಾತನ್ನೂ ಆಡಿಬಿಡುತ್ತೇನೆ. ಸಂಗಾತಿಯ ವೀಸಾ ನಿಂತಿರುವುದು ಮದುವೆಯ ಮೇಲೆ. ಜರ್ಮನಿಯಲ್ಲಿ ದಂಪತಿಯಾಗಿ ಮೂರು ವರ್ಷ ಅಲ್ಲಿ ಬಾಳಿದ ಮೇಲಷ್ಟೇ, ಸಂಬಂಧ ಮುರಿದರೂ ಉಳಿಯುವ ಸ್ವತಂತ್ರ ಹಕ್ಕು ಹುಟ್ಟುತ್ತದೆ. ಹಿಂಸೆಯಂಥ ಪ್ರಕರಣಗಳಲ್ಲಿ ವಿನಾಯಿತಿ ಇದೆ. ಮಕ್ಕಳನ್ನು ಕರೆದುಕೊಂಡು ಸೀದಾ ತವರಿಗೆ ಬಂದುಬಿಡುತ್ತೇನೆ ಎನ್ನುವುದೂ ಸುಲಭವಲ್ಲ. ಮಕ್ಕಳ ಮೇಲೆ ಇಬ್ಬರಿಗೂ ಸಮ ಹಕ್ಕು, ಇನ್ನೊಬ್ಬರ ಒಪ್ಪಿಗೆಯಿಲ್ಲದೆ ಕರೆತಂದರೆ ಅಲ್ಲಿನ ಕಾನೂನಿನ ಕಣ್ಣಲ್ಲಿ ಅದು ಅಪಹರಣವಾಗಬಹುದು. ಇಂಥ ವ್ಯಾಜ್ಯಗಳಿಗೆಂದೇ ಇರುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ, ಹಾಗಾಗಿ ಎರಡೂ ದೇಶದ ಕೋರ್ಟುಗಳಲ್ಲಿ ವರ್ಷಗಟ್ಟಲೆ ಎಳೆದಾಡಿದವರಿದ್ದಾರೆ. ಹೆಣ್ಣು ಕೊಡುವ ಮನೆಯವರು ಹುಡುಗನ ಪ್ಯಾಕೇಜ್ ಕೇಳುವ ಜೊತೆಗೆ ಇದನ್ನೂ ತಿಳಿದುಕೊಂಡರೆ ತಪ್ಪಿಲ್ಲ. ಬ್ಯಾಂಕಿನಲ್ಲಿ ಜಂಟಿ ಖಾತೆ, ಸ್ವಂತ ಪಾಸ್‌ಪೋರ್ಟ್ ಸ್ವಂತ ಬೀರುವಿನಲ್ಲಿ: ಇವೆರಡು ಅನುಮಾನದ ಲಕ್ಷಣವಲ್ಲ, ಮನೆಗೆ ಬೀಗ ಹಾಕಿದಂತೆ.

ವಾಪಸ್ ಬರುವ ಲೆಕ್ಕ ಯಾರೂ ಹಾಕುವುದಿಲ್ಲ. "ನೋಡೋಣ, ಮೂರ್ನಾಲ್ಕು ವರ್ಷ" ಎಂದೇ ಎಲ್ಲರೂ ಹೊರಡುತ್ತಾರೆ. ಒಪ್ಪಂದದ ವರ್ಷಗಳನ್ನು ಎಣಿಸುವ ಬದಲು ಮಕ್ಕಳ ತರಗತಿಗಳನ್ನು ಎಣಿಸಿ. ಸಿಬಿಎಸ್‌ಇಯಲ್ಲಿ ಒಂಬತ್ತನೇ ತರಗತಿಗೇ ಹೆಸರು ನೋಂದಣಿಯಾಗುತ್ತದೆ, ಹತ್ತಕ್ಕೆ ನೇರವಾಗಿ ಸೇರಿಸುವುದು ಬಲು ಕಷ್ಟ. ಆದ್ದರಿಂದ ಬರುವವರು ಒಂಬತ್ತಕ್ಕೆ ಮುಂಚೆ ಬರಬೇಕು. ಕರ್ನಾಟಕದಲ್ಲಿ 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದ ಪ್ರಕಾರ ಶಾಲೆಯಲ್ಲಿ ಕನ್ನಡ ಕಲಿಯಬೇಕು, ಸಿಬಿಎಸ್‌ಇ ಆಗಲಿ ಐಸಿಎಸ್‌ಇ ಆಗಲಿ. ಮನೆಯಲ್ಲಿ ಕನ್ನಡ ಆಡುತ್ತಿದ್ದರೆ ಸಾಕು ಅಂದುಕೊಂಡಿದ್ದ ನಾನು, ಏಳನೇ ತರಗತಿಗೆ ವಾಪಸಾದ ಮಗಳು 'ಪ್ರಾರ್ಥನೆ' ಎಂಬ ಪದದ ಮುಂದೆ ಹತ್ತು ನಿಮಿಷ ಕೂತದ್ದನ್ನು ನೋಡಿದೆ. ಒತ್ತು ಗೊತ್ತು, ಅರ್ಕಾವತ್ತು ಮರೆತಿತ್ತು. ಅಲ್ಲಿನ ಕನ್ನಡ ಸಂಘದವರು ಭಾನುವಾರ ಕ್ಲಾಸು ನಡೆಸುತ್ತಿದ್ದರು. ರಜೆಯ ದಿನ ಎಂದು ನಾವು ತಿಂಗಳಿಗೊಮ್ಮೆ ಹೋದೆವು, ತಪ್ಪು ನಮ್ಮದೇ.

ಇನ್ನೊಂದು ಸಂಖ್ಯೆ ಏಳು. ಕೆಸಿಇಟಿ ಮೂಲಕ ಎಂಜಿನಿಯರಿಂಗ್‌ನಂಥ ಕೋರ್ಸಿಗೆ ಕರ್ನಾಟಕದ ಅಭ್ಯರ್ಥಿ ಎನಿಸಿಕೊಳ್ಳಲು ಇರುವ ಮುಖ್ಯ ದಾರಿ, ಒಂದನೇ ತರಗತಿಯಿಂದ ದ್ವಿತೀಯ ಪಿಯುವರೆಗೆ ಕನಿಷ್ಠ ಏಳು ವರ್ಷ ಈ ರಾಜ್ಯದಲ್ಲಿ ಓದಿರಬೇಕು ಎಂಬುದು. ತಂದೆತಾಯಿಯ ಓದಿನ ಆಧಾರದ ಬೇರೆ ಕಲಮುಗಳೂ ಇವೆ, ಅವನ್ನೂ ನೋಡಿಕೊಳ್ಳಿ. ನಮ್ಮ ಮಗಳು ಇಲ್ಲಿ ಓದಿದ್ದು 1ರಿಂದ 3, ಈಗ 7ರಿಂದ ಮುಂದೆ. ಹತ್ತು ಮುಗಿಯುವ ಹೊತ್ತಿಗೆ ಸರಿಯಾಗಿ ಏಳು ವರ್ಷ. ಇದು ನಮ್ಮ ಜಾಣತನವಲ್ಲ, ಅದೃಷ್ಟ. ಮ್ಯೂನಿಕ್‌ನಲ್ಲಿದ್ದಷ್ಟು ಕಾಲ ಈ ನಿಯಮ ನಮ್ಮ ಗಮನಕ್ಕೇ ಬಂದಿರಲಿಲ್ಲ.

ಇಷ್ಟೆಲ್ಲ ಓದಿದ ಮೇಲೆ ಹೋಗಬಾರದಿತ್ತೇ ಎಂದು ಕೇಳಿದರೆ, ಹೋದದ್ದು ಒಳ್ಳೆಯದೇ ಆಯಿತು ಎನ್ನುತ್ತೇನೆ. ಮಗಳು ಒಂಬತ್ತು ವರ್ಷಕ್ಕೇ ಒಬ್ಬಳೇ ನಡೆದು ಶಾಲೆಗೆ ಹೋದಳು, ಟ್ರಾಮ್ ಬದಲಿಸುವುದು ಕಲಿತಳು. ಬೆಂಗಳೂರಿನಲ್ಲಿ ಆ ಧೈರ್ಯ ನಮಗೆ ಬರುತ್ತಿರಲಿಲ್ಲ. ನಾನೂ ನಲವತ್ತರ ಹತ್ತಿರ ಬಂದು ಹೊಸ ಭಾಷೆಯಲ್ಲಿ ಜಗಳವಾಡುವಷ್ಟು ಕಲಿತೆ. ನಷ್ಟವಾದದ್ದು ತಿಳಿಯದೆ ಕಳೆದ ಮೊದಲ ಒಂದೂವರೆ ವರ್ಷ.

ಆದ್ದರಿಂದ ಹೊರಡುವವರಿಗೆ ಒಂದೇ ಕೋರಿಕೆ. ಆಫರ್ ಲೆಟರ್‌ಗೆ ಸಹಿ ಹಾಕುವ ಮುಂಚೆ, ಸಂಬಳದ ಚೌಕಾಸಿ ಮಾಡುವ ಅದೇ ಫೋನ್ ಕಾಲ್‌ನಲ್ಲಿ, ಇವನ್ನೂ ಕೇಳಿ: ಸಂಗಾತಿಯ ಭಾಷಾ ಕ್ಲಾಸಿನ ಫೀಸು ಕೊಡುತ್ತೀರಾ? ಮಗುವಿಗೆ ಕೀಟಾ ಜಾಗ ಹುಡುಕಿಕೊಡುತ್ತೀರಾ? ಸೇರುವ ದಿನವನ್ನು ಅಲ್ಲಿನ ಶಾಲೆ ಶುರುವಾಗುವ ಸೆಪ್ಟೆಂಬರ್‌ಗೆ ಹೊಂದಿಸಬಹುದಾ? ಕೇಳಿದವರಿಗೆ ಕೊಟ್ಟ ಕಂಪನಿಗಳಿವೆ. ನಮ್ಮ ಪಕ್ಕದ ಕಟ್ಟಡದ ಚೆನ್ನೈನವರಿಗೆ ಮೂರರಲ್ಲಿ ಎರಡು ಸಿಕ್ಕಿದ್ದವು. ನಾವು ಕೇಳಿರಲಿಲ್ಲ.